ಅಕ್ಕನ ಹತ್ರ ಬಿಳಿ ಸೀರೆ ಇರಲಿಲ್ಲ



ಇದು ಸ್ವಲ್ಪ ಉದ್ದದ ಬರಹ, ದೆವ್ವದ ಸಿನಿಮಾಗಳ ಬಗ್ಗೆ. "ಮಾಡೋಕೆ ಇಷ್ಟು ಹೋರಾಟ ಇರೋವಾಗ ಈಯಮ್ಮ ದೆವ್ವದ ಹಿಂದೆ ಯಾಕೆ ಬಿದ್ಲು" ಅಂತ ಕೆಲವು ಅಣ್ಣಂದಿರು ಕೇಳ್ತೀರಿ, ಗೊತ್ತು. ಪೂರ್ತಿ ಓದ್ರಿ, ಆಮೇಲೆ ಬೈರಿ. ಮೂವತ್ತು ವರ್ಷದ ಮೇಲೆ ಯಾರಿಗೂ ಹೇಳದೇ ಇಟ್ಟುಕೊಂಡಿದ್ದ ನನ್ನದೊಂದು ತಪ್ಪೂ ಇದರೊಳಗೆ ಇದೆ.

ಹೋದ ತಿಂಗಳು ಒಂದು ದಿನ ಆಫೀಸಿನಲ್ಲಿ ಟಪಾಲು ನಮೂದು ಮಾಡ್ತಾ ಕೂತಿದ್ದೆ. ಸಂಘದ ಒಬ್ಬ ತಂಗಿ ಫೋನ್ ಮಾಡಿದಳು. "ಅಕ್ಕಾ, ಹಾಸ್ಟೆಲ್‌ನಾಗ ಒಂದು ಹುಡುಗಿಗಿ ದೆವ್ವ ಬಡದೈತಂತ. ಮಂತ್ರ ಹಾಕಾವನ್ನ ಕರಕೊಂಡು ಬಂದಾರ. ಲಗೂನ ಬಾ." ಅರ್ಧ ದಿನ ರಜೆ ಬರೆದುಕೊಟ್ಟು ಬಸ್ ಹತ್ತಿದೆ. ಯಾವ ಊರು, ಯಾವ ಹಾಸ್ಟೆಲ್ ಅಂತ ಹೇಳಲ್ಲ. ಹುಡುಗಿ ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದೀನಿ.

ಹೋಗಿ ನೋಡಿದರೆ ಒಂದು ಖೋಲಿಯಲ್ಲಿ ಹುಡುಗಿಯನ್ನು ಚಾಪೆ ಮೇಲೆ ಕೂಡಿಸಿದ್ದಾರೆ. ಕೂದಲು ಬಿಚ್ಚಿದೆ, ಕಣ್ಣು ಕೆಂಪಾಗಿವೆ. ಪಿಯುಸಿ ಎರಡನೇ ವರ್ಷ ಓದೋ ಹುಡುಗಿ, ಇನ್ನೂ ಹದಿನೇಳು. ಮುಂದೆ ನಿಂಬೆಹಣ್ಣು, ಕುಂಕುಮ, ಬೇವಿನ ತಪ್ಪಲು. ಬಾಗಿಲಲ್ಲಿ ಅಪ್ಪ, ಸೋದರಮಾವ, ಇನ್ನಿಬ್ಬರು ಗಂಡಸರು. ಉಳಿದ ಹುಡುಗಿಯರು ಒಬ್ಬರ ಹಿಂದೆ ಒಬ್ಬರು ಅಡಗಿ ನಿಂತಿದ್ದರು. ಎರಡು ರಾತ್ರಿಯಿಂದ ಯಾರೂ ಸಂಡಾಸಕ್ಕೂ ಹೊರಗೆ ಹೋಗಿಲ್ಲವಂತೆ.

ನಾನು "ಇದು ದೆವ್ವ ಅಂತ ಹೆಂಗ ಗೊತ್ತಾತು?" ಅಂದೆ. ಅಪ್ಪ ಹೇಳಿದ: "ಅಕ್ಕಾರ, ನಮ್ಮ ಹುಡುಗಿಗಿ ತೆಲುಗು ಬರಂಗಿಲ್ರಿ. ಸಾಲ್ಯಾಗ ಕಲ್ತಿಲ್ಲ, ಮನ್ಯಾಗ ಯಾರೂ ಮಾತಾಡಂಗಿಲ್ಲ. ಈಗ ಚಟಚಟ ಅಂತ ತೆಲುಗು ಮಾತಾಡ್ಲಿಕತ್ಯಾಳ. ಇದು ಹೊರಗಿಂದೇ ಐತ್ರಿ."

ನಗು ತಡೆದುಕೊಂಡೆ. ರಾಯಚೂರು ಜಿಲ್ಲೆಯಲ್ಲಿ ಹುಟ್ಟಿದ ಮಗುವಿಗೆ ತೆಲುಗು ಬರಲ್ಲ ಅಂದ್ರೆ ಯಾರು ನಂಬ್ತಾರೆ? ಸಂತೆಯಲ್ಲಿ ತೆಲುಗು, ಹತ್ತಿ ಬಿಡಿಸೋಕೆ ಬರೋ ಕೂಲಿಯವರ ಬಾಯಲ್ಲಿ ತೆಲುಗು, ಟಾಕೀಸಿನಲ್ಲಿ ತೆಲುಗು, ಮೊಬೈಲ್‌ನಲ್ಲಿ ತೆಲುಗು. ಆದರೆ ನಗೋಕೆ ಆಗಲಿಲ್ಲ. ಅಷ್ಟರಲ್ಲಿ ಹುಡುಗಿ ಮತ್ತೆ ಕೂಗಿದಳು: "ನೇನು ರಾನು! ನನ್ನು ವದಿಲೇಯಂಡಿ!"

ನಾ ಬರಲ್ಲ, ನನ್ನ ಬಿಟ್ಟುಬಿಡ್ರಿ.

ಅಲ್ಲಿದ್ದ ಎಲ್ಲರಿಗೂ ತೆಲುಗು ಅರ್ಥ ಆಗುತ್ತೆ. ಆದರೆ ಎರಡು ದಿನದಿಂದ ಎಲ್ಲರೂ ಅವಳು ಯಾವ ಭಾಷೆ ಮಾತಾಡ್ತಾಳೆ ಅಂತ ಕೇಳಿಸಿಕೊಂಡಿದ್ದರು, ಏನು ಹೇಳ್ತಾಳೆ ಅಂತ ಒಬ್ಬರೂ ಕೇಳಿಸಿಕೊಂಡಿರಲಿಲ್ಲ.

ಗಂಡಸರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡು, ನಾನೂ ಆ ತಂಗಿಯೂ ಹುಡುಗಿ ಹತ್ರ ಕೂತೆವು. ನೀರು ಕುಡಿಸಿ ಕೂದಲು ಕಟ್ಟಿದೆ. ಅರ್ಧ ಗಂಟೆ ಏನೂ ಕೇಳಲಿಲ್ಲ. ಆಮೇಲೆ ಅವಳೇ ಕನ್ನಡದಲ್ಲಿ, ಸಣ್ಣ ದನಿಯಲ್ಲಿ ಹೇಳಿದಳು. ಸೋದರಮಾವನ ಜೊತೆ ಮದುವೆ ಗೊತ್ತು ಮಾಡಿದಾರೆ. ಅವನಿಗೆ ಮೂವತ್ತೆರಡು. ಪರೀಕ್ಷೆ ಬರೀತೀನಿ ಅಂದ್ರೆ ಅಪ್ಪ ಕಪಾಳಕ್ಕೆ ಹೊಡೆದ. ಅವ್ವ ಅತ್ತಳು, ಅಷ್ಟೇ. "ನಾ ಹೇಳಿದ್ರ ಬಡಿತಾರಕ್ಕ. ದೆವ್ವ ಹೇಳಿದ್ರ ಅಂಜತಾರ."

"ತೆಲುಗು ಯಾಕವ್ವಾ?" ಅಂದೆ.

"ನಾಗವಲ್ಲಿ ತೆಲುಗೇ ಅಲ್ಲೇನಕ್ಕ ಮಾತಾಡದು?"

ಬೇಕಂತಲೇ ಮಾಡಿದಳಾ, ತಾನಾಗೇ ಬಂತಾ ಅಂತ ನಾನು ಕೇಳಲಿಲ್ಲ. ಅದು ಅವಳಿಗೂ ಗೊತ್ತಿರಲಿಕ್ಕಿಲ್ಲ. ವಾಪಸ್ ಬರೋವಾಗ ಬಸ್ಸಿನಲ್ಲಿ ಅದೇ ತಲೆಯಲ್ಲಿ ತಿರುಗ್ತಿತ್ತು. ನಮ್ಮ ಹೆಣ್ಣುಮಕ್ಕಳಿಗೆ "ಒಲ್ಲೆ" ಅನ್ನೋಕೆ ಒಂದು ಸಿನಿಮಾದ ದೆವ್ವದ ಬಾಯಿ ಬೇಕಾಯ್ತಲ್ಲ.

ಆಪ್ತಮಿತ್ರ ನಿಮಗೆಲ್ಲ ಗೊತ್ತಿರೋ ಸಿನಿಮಾ. 2004ರಲ್ಲಿ ಬಂತು. ವಿಷ್ಣುವರ್ಧನ್, ರಮೇಶ್ ಅರವಿಂದ್, ಸೌಂದರ್ಯ. ಸೌಂದರ್ಯ ಆ ವರ್ಷ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು, ಸಿನಿಮಾ ಆಗಸ್ಟ್‌ನಲ್ಲಿ ತೆರೆ ಕಂಡಿತು. ರಾಯಚೂರಿನ ಟಾಕೀಸಿನಲ್ಲಿ ನಾನು ನೋಡಿದಾಗ ನಾಗವಲ್ಲಿ ಬಂದ ಕೂಡಲೇ ಹೆಂಗಸರು ಅಳ್ತಿದ್ದರು. ಸತ್ತುಹೋದ ಹೆಣ್ಣುಮಗಳು ಸತ್ತುಹೋದ ಹೆಣ್ಣಿನ ಪಾತ್ರ ಮಾಡಿದ್ದನ್ನ ನೋಡ್ತಿದೀವಿ ಅನ್ನೋದು ಎಲ್ಲರಿಗೂ ಗೊತ್ತಿತ್ತು.

ಅದು 1993ರ ಮಲಯಾಳಂ ಮಣಿಚಿತ್ರತ್ತಾಳ್ ಸಿನಿಮಾದ ಕನ್ನಡ ರೂಪ. ಆಮೇಲೆ 2005ರಲ್ಲಿ ತಮಿಳಿನ ಚಂದ್ರಮುಖಿ, 2007ರಲ್ಲಿ ಹಿಂದಿಯ ಭೂಲ್ ಭುಲಯ್ಯಾ. ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡ್ರಿ. ಮಲಯಾಳಂನಲ್ಲಿ ದೆವ್ವ ತಮಿಳು ಮಾತಾಡ್ತಾಳೆ. ತಮಿಳಿನಲ್ಲೂ ಕನ್ನಡದಲ್ಲೂ ತೆಲುಗು. ಹಿಂದಿಯಲ್ಲಿ ಬಂಗಾಳಿ. ಎಲ್ಲಾ ಕಡೆ ಆಕೆ ಪರ ಊರಿನವಳು, ಪರ ಭಾಷೆಯವಳು, ದೊಡ್ಡ ಮನೆಗೆ ಕರೆತಂದ ಕುಣಿಯೋಳು. ಎಲ್ಲಾ ಕಡೆ ದೊಡ್ಡ ಮನುಷ್ಯ ಅವಳನ್ನ ತನ್ನ ಸೊತ್ತು ಅಂದುಕೊಂಡ, ಆಕೆಗೆ ಬೇರೊಬ್ಬ ಇಷ್ಟ ಆದ, ಅದಕ್ಕೇ ಅವಳ ಬದುಕು ಮುಗೀತು.

ಅವಳ ಮೇಲಾದ ಅನ್ಯಾಯ ಹತ್ತು ನಿಮಿಷದ ಫ್ಲ್ಯಾಶ್‌ಬ್ಯಾಕ್. ಉಳಿದ ಎರಡೂವರೆ ಗಂಟೆ ಅವಳನ್ನ ಹೆಂಗೆ ಓಡಿಸಬೇಕು ಅನ್ನೋದೇ ಕಥೆ.

ಈ ಕುಣಿಯೋಳು ಯಾರ ಮಗಳು, ಯಾವ ಜಾತಿ, ಅರಮನೆಗೆ ಹೆಂಗೆ ಬಂದಳು ಅಂತ ಸಿನಿಮಾ ಕೇಳಲ್ಲ. ನಮಗೆ ಕೇಳದೇ ಇರೋಕೆ ಆಗಲ್ಲ. ನಮ್ಮ ಜಿಲ್ಲೆಯಲ್ಲಿ ದೊಡ್ಡವರ ಮುಂದೆ ಕುಣಿಯೋಕೆ, ದೊಡ್ಡವರ ಜೊತೆ ಇರೋಕೆ ಅಂತ ಹೆಣ್ಣುಮಕ್ಕಳನ್ನ ಬಿಟ್ಟಿದ್ದು ಯಾವ ಕೇರಿಯಿಂದ ಅಂತ ಎಲ್ಲರಿಗೂ ಗೊತ್ತು. ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂದಿದ್ದು 1982ರಲ್ಲಿ. ಅದಾದ ಮೇಲೂ 1993-94 ಮತ್ತು 2007-08ರಲ್ಲಿ ಸರ್ಕಾರವೇ ಮಾಡಿಸಿದ ಎರಡು ಸಮೀಕ್ಷೆಗಳಲ್ಲಿ ಸಿಕ್ಕವರು 46 ಸಾವಿರಕ್ಕೂ ಹೆಚ್ಚು ತಾಯಂದಿರು. ಅದರಲ್ಲಿ ಬಹುಪಾಲು ನಮ್ಮವರು. ಅರಮನೆಯವರಿಗೆ ನಾಗವಲ್ಲಿ ಹಳೇ ಕಾಲದ ಕಥೆ. ನಮ್ಮ ಓಣಿಯಲ್ಲಿ ಆಕೆ ಪಿಂಚಣಿ ಅರ್ಜಿ ಹಿಡ್ಕೊಂಡು ನನ್ನ ಟೇಬಲ್ ಮುಂದೆ ನಿಂತಿರೋ ಅಜ್ಜಿ.

ಇನ್ನೊಂದು ಮಾತು. ಆಪ್ತಮಿತ್ರದ ಗಂಗಾಗೆ ಏನಾಗಿದೆ ಅಂತ ಯಾರು ತೀರ್ಮಾನ ಮಾಡ್ತಾರೆ? ಗಂಡ, ಗಂಡನ ಗೆಳೆಯ ಡಾಕ್ಟರು, ಮಂತ್ರ ಗೊತ್ತಿರೋ ಆಚಾರ್ಯರು. ಮೂವರೂ ಗಂಡಸರು. ರಾಜನ ಜಾಗದಲ್ಲಿ ಒಂದು ಗೊಂಬೆ ಇಟ್ಟು, ಅದನ್ನ ಕೊಂದೆ ಅಂತ ಅವಳನ್ನ ನಂಬಿಸಿ ಸಮಾಧಾನ ಮಾಡ್ತಾರೆ. "ನಿನಗೆ ಏನಾಗ್ತಿದೆಯಮ್ಮ" ಅಂತ ಗಂಗಾಳನ್ನ ಎದುರು ಕೂಡಿಸಿಕೊಂಡು ಕೇಳೋ ಒಂದು ದೃಶ್ಯ ನನಗೆ ನೆನಪಿಲ್ಲ. ಆಪ್ತಮಿತ್ರ ಅಂದ್ರೆ ಗಂಡನ ಆಪ್ತಮಿತ್ರ. ಆಕೆಗೆ ಗೆಳತಿ ಇಲ್ಲ. 2010ರ ಆಪ್ತರಕ್ಷಕದಲ್ಲಿ ವಿಷ್ಣುವರ್ಧನ್ ಅವರೇ ಆ ರಾಜನೂ ಆದರು. ಕೊಂದ ರಾಜ ಪರದೆ ಮೇಲೆ ಬಂದಾಗ ಜನ ಸೀಟಿ ಹೊಡೆದರು, ಚಿಲ್ಲರೆ ತೂರಿದರು. ನಾನೂ ವಿಷ್ಣು ಅಭಿಮಾನಿಯೇ. ಆದರೆ ಕೊಂದವನಿಗೆ ಸೀಟಿ, ಸತ್ತವಳಿಗೆ ಬೇವಿನ ತಪ್ಪಲು, ಇದೇನು ನ್ಯಾಯ ಹೇಳ್ರಿ.

ಇದಕ್ಕೂ ಹಿಂದಿನದು 1979ರ ನಾ ನಿನ್ನ ಬಿಡಲಾರೆ. ಅನಂತ್‌ನಾಗ್, ಲಕ್ಷ್ಮಿ. ಒಬ್ಬ ಗಂಡಸನ್ನ ಆಸೆಪಟ್ಟ ಹೆಣ್ಣು ಸತ್ತ ಮೇಲೂ ಅವನ ಮೈಮೇಲೆ ಬರ್ತಾಳೆ, ಹೆಂಡತಿ ತನ್ನ ಭಕ್ತಿಯಿಂದ ಗಂಡನನ್ನ ಉಳಿಸಿಕೊಳ್ತಾಳೆ. ಆಸೆಪಟ್ಟವಳು ದೆವ್ವ, ಸಹಿಸಿಕೊಂಡವಳು ದೇವತೆ. ಇದನ್ನೇ 1981ರಲ್ಲಿ ಹಿಂದಿಯಲ್ಲಿ ತೆಗೆದಾಗ ಇಟ್ಟ ಹೆಸರು ಮಂಗಳಸೂತ್ರ. ಸಿನಿಮಾ ಯಾರ ಕಡೆ ಅಂತ ಆ ಒಂದು ಹೆಸರೇ ಹೇಳುತ್ತೆ.

ಹೊರದೇಶದಲ್ಲೂ ಇದೇ ಹಾಡು. ಕ್ಯಾರಲ್ ಕ್ಲೋವರ್ ಅನ್ನೋ ಅಮೆರಿಕದ ಅಧ್ಯಾಪಕಿ 1992ರಲ್ಲಿ ಅಲ್ಲಿನ ಕೊಲೆಗಡುಕರ ಸಿನಿಮಾಗಳ ಬಗ್ಗೆ ಒಂದು ಪುಸ್ತಕ ಬರೆದರು. ಅದರ ಬಗ್ಗೆ ಒಂದು ಶಿಬಿರದಲ್ಲಿ ಕೇಳಿದ್ದೆ. ಆ ಸಿನಿಮಾಗಳಲ್ಲಿ ಹುಡುಗರ ಜೊತೆ ಮಲಗಿದ ಹುಡುಗಿಯರೆಲ್ಲ ಸಾಯ್ತಾರೆ. ಕೊನೆಗೆ ಉಳಿಯೋದು ಅದ್ಯಾವುದೂ ಮಾಡದ ಎಚ್ಚರದ ಹುಡುಗಿ. ಅವಳಿಗೆ ಅವರು ಫೈನಲ್ ಗರ್ಲ್ ಅಂತ ಹೆಸರಿಟ್ಟರು. ಅಲ್ಲಿ ಬದುಕಿ ಉಳಿಯೋಕೆ ಒಂದು ನಡತೆ ಪ್ರಮಾಣಪತ್ರ ಬೇಕು, ಇಲ್ಲಿ ತಾಳಿ ಬೇಕು.

ಈಗ ಸಿನಿಮಾದ ದೆವ್ವ ಏನೇನು ಮಾಡ್ತಾಳೆ ಅಂತ ಪಟ್ಟಿ ಹಾಕ್ರಿ. ಕೂದಲು ಬಿಚ್ಚುತ್ತಾಳೆ. ರಾತ್ರಿ ಒಬ್ಬಳೇ ತಿರುಗುತ್ತಾಳೆ. ಜೋರಾಗಿ ನಗ್ತಾಳೆ. ಗಂಡಸಿನ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾಳೆ. ಹೊಟ್ಟೆ ತುಂಬ ಮಾಂಸ ತಿಂತಾಳೆ. ನನ್ನದು ಅಂದಿದ್ದನ್ನ ಬಿಡಲ್ಲ. ಇದರಲ್ಲಿ ದೆವ್ವದ ಕೆಲಸ ಯಾವುದು? ನಮ್ಮ ಕೇರಿ ಹೆಂಗಸರು ದಿನಾ ಮಾಡೋದೇ ಇದು. ನಸುಕಿನ ನಾಲ್ಕಕ್ಕೆ ಎದ್ದು ಭತ್ತದ ನಾಟಿಗೆ ಹೋಗ್ತಾರೆ. ಮನೆಯಲ್ಲಿ ಸಂಡಾಸ ಇಲ್ಲದವರು ಕತ್ತಲಲ್ಲೇ ಬಯಲಿಗೆ ಹೋಗಬೇಕು. ಜೋರಾಗಿ ಮಾತಾಡ್ತಾರೆ, ಜೋರಾಗಿ ನಗ್ತಾರೆ. ದೊಡ್ಡಮನೆ ಹೆಂಗಸಿಗೆ ಯಾವುದು ಬ್ಯಾಡ ಅಂತ ಹೇಳಿದಾರೋ ಅದೇ ಸಿನಿಮಾದಲ್ಲಿ ದೆವ್ವದ ಲಕ್ಷಣ ಆಗಿದೆ. ಅದಕ್ಕೇ ಊರಲ್ಲಿ ಯಾರಿಗಾದ್ರೂ ಜ್ವರ ಬಂದರೆ, ಎಮ್ಮೆ ಹಾಲು ಕೊಡದಿದ್ದರೆ, ಬಾನಾಮತಿ ಮಾಡಿದಾಳೆ ಅಂತ ಬೆರಳು ತೋರಿಸೋದು ಮೊದಲು ಕೇರಿಯ ಒಂಟಿ ಹೆಂಗಸಿನ ಕಡೆಗೆ. 2023ರಲ್ಲಿ ಬಂದ ತೆಲುಗಿನ ವಿರೂಪಾಕ್ಷ ನಮ್ಮ ಕಡೆ ಬಹಳ ಜನ ನೋಡಿದರು. ಅದು ಶುರುವಾಗೋದೇ ಮಾಟದ ಅನುಮಾನದ ಮೇಲೆ ಊರಿನವರು ಗಂಡ ಹೆಂಡತಿಯನ್ನ ಸುಟ್ಟು ಕೊಲ್ಲೋದರಿಂದ. ಸಿನಿಮಾ ನಮ್ಮನ್ನ ಹೆದರಿಸೋದು ಆ ಕೊಲೆ ತೋರಿಸಿ ಅಲ್ಲ, ಸಾಯೋರು ಕೊಟ್ಟ ಶಾಪ ತೋರಿಸಿ.

ಹಂಗಂತ ಸಿನಿಮಾದಲ್ಲಿ ಕೇರಿ ಹೆಂಗಸು ದೆವ್ವ ಆಗಿ ಬರ್ತಾಳಾ ಅಂದ್ರೆ ಅದೂ ಇಲ್ಲ. ದೆವ್ವ ಇರೋದು ಬಂಗಲೆಯಲ್ಲಿ, ಅರಮನೆಯಲ್ಲಿ. ಹಳೇ ಆಸ್ತಿ ಇದ್ದವರಿಗೇ ಹಳೇ ದೆವ್ವ. ನಮಗೆ ಸಿಗೋ ಪಾತ್ರ ಲಾಟೀನು ಹಿಡಿದ ಕಾವಲುಗಾರ, ಹೆದರಿ ಉಚ್ಚೆ ಹೊಯ್ಕೊಳ್ಳೋ ಕೆಲಸದವನು, ಇಲ್ಲಾ ಸುಡುಗಾಡಿನಲ್ಲಿ ತಲೆಬುರುಡೆ ಇಟ್ಟುಕೊಂಡ ಮಂತ್ರವಾದಿ. ಜನಪದದಲ್ಲೂ ಇದೇ ಲೆಕ್ಕ. ದ್ಯಾಮವ್ವನ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಬ್ರಾಹ್ಮಣರ ಹುಡುಗಿಯನ್ನ ನಮ್ಮವನೊಬ್ಬ ಜಾತಿ ಮುಚ್ಚಿಟ್ಟು ಮದುವೆ ಆದ, ಗೊತ್ತಾದ ಮೇಲೆ ಆಕೆ ಸಿಟ್ಟಾದಳು, ಆಕೆ ದೇವಿ ಆದಳು, ಅವನು ಕಡಿಯೋ ಕೋಣ ಆದ. ಮೇಲಿನ ಮನೆ ಹೆಣ್ಣಿನ ಸಿಟ್ಟಿಗೆ ಗುಡಿ ಕಟ್ಟಿದರು. ನಮ್ಮ ಮನೆ ಹೆಣ್ಣಿನ ಸಿಟ್ಟಿಗೆ ಮೆಣಸಿನಕಾಯಿ ಹೊಗೆ ಹಾಕಿದರು.

ಮೆಣಸಿನಕಾಯಿ ಹೊಗೆ ಅಂತ ಸುಮ್ಮನೆ ಬರೆದಿಲ್ಲ. ನೋಡಿದೀನಿ. ಈಗ ನನ್ನ ತಪ್ಪಿಗೆ ಬರ್ತೀನಿ.

ನಾನು ಹುಟ್ಟಿ ಬೆಳೆದಿದ್ದು ಗಬ್ಬೂರಿನ ಕೇರಿಯಲ್ಲಿ. ನಮ್ಮ ದೊಡ್ಡಪ್ಪನ ಮಗಳು ನನಗಿಂತ ಏಳು ವರ್ಷ ದೊಡ್ಡವಳು. ಹೆಸರು ಬ್ಯಾಡ, ಅಕ್ಕ ಅಂತೀನಿ. ನನ್ನ ತಲೆ ಬಾಚಿ ಜಡೆ ಹಾಕ್ತಿದ್ದಿದ್ದು ಅವಳೇ. ಹದಿನಾರಕ್ಕೆ ಮಾನ್ವಿ ಕಡೆ ಒಂದು ಹಳ್ಳಿಗೆ ಕೊಟ್ಟರು. ಹದಿನೆಂಟಕ್ಕೆ ಹೆರಿಗೆ ಆಯ್ತು, ಕೂಸು ಒಂಬತ್ತನೇ ದಿನ ತೀರಿಕೊಂಡಿತು. ಆಮೇಲೆ ಅಕ್ಕ ಮಾತು ಬಿಟ್ಟಳು. ಕೂದಲು ಬಾಚಲ್ಲ, ಉಣ್ಣಲ್ಲ, ಗಂಡ ಹತ್ರ ಬಂದರೆ ಕಿರಚ್ತಾಳೆ, ಒಮ್ಮೊಮ್ಮೆ ಸುಮ್ಮನೇ ನಗ್ತಾಳೆ. ಅದು ಬಾಣಂತಿ ಸನ್ನಿ, ಡಾಕ್ಟರ ಹತ್ರ ಮದ್ದು ಇದೆ ಅಂತ ಈಗ ನನಗೆ ಗೊತ್ತು. ಅವಾಗ ಗಂಡನ ಮನೆಯವರು ದೆವ್ವ ಅಂದರು. ಅಮಾವಾಸ್ಯೆಗೆ ಒಬ್ಬನ ಹತ್ರ ಕರೆದುಕೊಂಡು ಹೋದರು. ಅವ್ವನ ಜೊತೆ ನಾನೂ ಹೋಗಿದ್ದೆ. ಕಂಬಕ್ಕೆ ಕಟ್ಟಿ, ಕೆಂಡದ ಮೇಲೆ ಮೆಣಸಿನಕಾಯಿ ಹಾಕಿ ಮುಖಕ್ಕೆ ಹಿಡಿದರು. ಬೇವಿನ ಬರಲಿನಿಂದ ಹೊಡೆದರು. "ಯಾರು ನೀನು ಹೇಳು, ಯಾರು ನೀನು ಹೇಳು" ಅಂತ ಕೇಳ್ತಿದ್ದರು. ಅಕ್ಕ ತನ್ನ ಹೆಸರೇ ಹೇಳ್ತಿದ್ದಳು. ಅವರಿಗೆ ಬೇರೆ ಹೆಸರು ಬೇಕಾಗಿತ್ತು.

ದೊಡ್ಡಪ್ಪ ತವರಿಗೆ ಕರೆದುಕೊಂಡು ಬಂದ. ಎರಡು ತಿಂಗಳು ಇದ್ದಳು, ಸ್ವಲ್ಪ ಹುಷಾರಾಗ್ತಿದ್ದಳು. ಒಂದು ದಿನ ಗಂಡ ಕರೆಯೋಕೆ ಬಂದ. ರಾತ್ರಿ ಜಗಳ ಆಯ್ತು. ಬೆಳಿಗ್ಗೆ ಅಕ್ಕ ಹೊಲದ ಬಾವಿಯಲ್ಲಿ ಸಿಕ್ಕಳು. ಮೈಮೇಲೆ ಬಾಸುಂಡೆ ಇದ್ದವು. ಗಂಡ ಇರಲಿಲ್ಲ, ನಸುಕಿನ ಬಸ್ಸಿಗೇ ಹೋಗಿದ್ದ.

ಪೊಲೀಸರಿಗೆ ದೂರು ಕೊಡಬೇಕು ಅಂತ ದೊಡ್ಡಪ್ಪ ಎರಡು ಆಡು ಮಾರಿ ರೊಕ್ಕ ಇಟ್ಟುಕೊಂಡಿದ್ದ. ಹಿರಿಯರು "ಮಣ್ಣು ಆಗಲಿ, ಮೂರು ದಿನ ಮುಗೀಲಿ" ಅಂದರು. ನಾಲ್ಕನೇ ದಿನ ಸಂಜೆ ನಾನು ಬೋರಿಂಗ್‌ಗೆ ನೀರಿಗೆ ಹೋಗಿದ್ದೆ. ದಾರಿಯಲ್ಲಿ ಆಟ ಆಡ್ತಾ ಹೊತ್ತು ಮಾಡಿದೆ. ಓಡಿ ಬರೋವಾಗ ಬಿದ್ದೆ. ಸಿಲ್ವರ್ ಕೊಡ ನೆಗ್ಗಿ ಹೋಯ್ತು. ಅವ್ವ ಹೊಡೀತಾಳೆ ಅಂತ ಭಯ ಆಯ್ತು. ಮನೆ ಬಾಗಿಲಿಗೆ ಬಂದು ಅಳ್ತಾ ಹೇಳಿದೆ: "ಬಾವಿ ಹತ್ರ ಅಕ್ಕನ್ನ ನೋಡಿದ್ನಿ."

ಕೊಡ ಎಲ್ಲರಿಗೂ ಮರೆತು ಹೋಯ್ತು. ಓಣಿ ಹೆಂಗಸರೆಲ್ಲ ಸುತ್ತ ಕೂಡಿದರು. ಏನು ಉಟ್ಟಿದ್ಲು? ಬಿಳಿ ಸೀರಿ. ಕೂದ್ಲು? ಬಿಚ್ಚಿದ್ಲು. ಕಾಲು? ಹಿಂದ್ಮುಂದ ಇದ್ವು. ನಕ್ಳಾ? ಹೂಂ, ನಕ್ಕಳು.

ಇದೆಲ್ಲ ನನಗೆ ಎಲ್ಲಿಂದ ಬಂತು? ಆ ವರ್ಷ ಊರಲ್ಲಿ ಟಿವಿ, ವಿಸಿಆರ್ ಬಾಡಿಗೆಗೆ ತಂದು ರಾತ್ರಿಯಿಡೀ ಸಿನಿಮಾ ಹಾಕ್ತಿದ್ದರು. ನಾವು ಕೇರಿ ಹುಡುಗರು ಕಟ್ಟೆಯ ಆಚೆ ಗೋಣಿಚೀಲ ಹಾಸಿಕೊಂಡು ಕೂತು ನೋಡಿದ್ದೆವು. ಕನ್ನಡ, ತೆಲುಗು, ಹಿಂದಿ, ಎಲ್ಲದರಲ್ಲೂ ದೆವ್ವ ಒಂದೇ ತರ. ನಾನು ನೋಡಿದ್ದು ಅಕ್ಕನ್ನಲ್ಲ. ಸಿನಿಮಾದಲ್ಲಿ ನೋಡಿದ್ದನ್ನ ತಂದು ಅಕ್ಕನ ಮೈಮೇಲೆ ಹಾಕಿದೆ.

ಒಂದೇ ರಾತ್ರಿಯಲ್ಲಿ ಮಾತು ಬದಲಾಯ್ತು. ಅಲ್ಲಿವರೆಗೂ ಜನ "ಆಕಿ ಗಂಡ ಏನ್ ಮಾಡಿದ?" ಅಂತಿದ್ದರು. ಮರುದಿನದಿಂದ "ಆಕಿ ಏನ್ ಮಾಡ್ತಾಳೋ" ಅಂದರು. ವಕೀಲರಿಗೆ ಅಂತ ಇಟ್ಟಿದ್ದ ಆಡಿನ ರೊಕ್ಕ ಶಾಂತಿ ಮಾಡಿಸೋಕೆ, ದಿಗ್ಬಂಧನ ಹಾಕಿಸೋಕೆ ಹೋಯ್ತು. ದೂರು ಕೊಡಲೇ ಇಲ್ಲ. ಆರು ತಿಂಗ್ಳಿಗೆ ಗಂಡ ಇನ್ನೊಂದು ಮದುವೆ ಆದ. ನನಗಾಗ ಹನ್ನೆರಡು ವರ್ಷ.

ನಾನು ಗುಮಾಸ್ತೆ. ಕಡತ ಹೆಂಗೆ ಮುಚ್ಚುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ಎಷ್ಟೇ ದಪ್ಪ ಕಡತ ಇರಲಿ, ಕೊನೆಗೆ ಒಂದು ಷರಾ ಬರೆದರೆ ಸಾಕು. ಅಕ್ಕನ ಕಡತದ ಮೇಲಿನ ಷರಾ "ದೆವ್ವ". ಬರೆದವಳು ನಾನು. ದೆವ್ವದ ಸಿನಿಮಾ ಮಾಡೋದೂ ಇದೇ ಕೆಲಸ. ಕೊಲೆ ಆದವಳನ್ನ ಹೆದರಿಸೋಳನ್ನಾಗಿ ಮಾಡಿಬಿಟ್ಟರೆ, ಕೊಂದವನನ್ನ ಯಾರೂ ಹುಡುಕಲ್ಲ.

ಬಿಳಿ ಸೀರೆ ಬಗ್ಗೆ ದೊಡ್ಡವಳಾದ ಮೇಲೆ ಯೋಚನೆ ಮಾಡಿದೀನಿ. 1964ರ ವೋ ಕೌನ್ ಥೀ ಸಿನಿಮಾದಲ್ಲಿ ಸಾಧನಾ ಮಳೆಯಲ್ಲಿ ಬಿಳಿ ಸೀರೆ ಉಟ್ಟು ನಿಲ್ಲೋ ದೃಶ್ಯದ ತರದ್ದು ಎಲ್ಲಾ ಭಾಷೆಯಲ್ಲೂ ಬಂದಿದೆ. ಬಿಳಿ ಸೀರೆ ಯಾರು ಉಡ್ತಿದ್ದರು? ಮೇಲ್ಜಾತಿ ಮನೆಯ ವಿಧವೆಯರು. ಬಣ್ಣ ಕಿತ್ತುಕೊಂಡು, ಒಂದು ಕೋಣೆಯಲ್ಲಿ ಕೂಡಿಸಿ, ಆಕೆ ಹೊರಗೆ ಬಂದರೆ ಅಪಶಕುನ ಅಂದವರು ಆ ಮನೆಯವರೇ. ಅವಳು ಒಂದು ದಿನ ರಾತ್ರಿ ಎದ್ದು ಹೊರಗೆ ಬಂದರೆ ಅನ್ನೋದು ಅವರ ಭಯ. ನಮ್ಮ ಕೇರಿಯಲ್ಲಿ ಗಂಡ ಸತ್ತವಳಿಗೆ ಉಡಿಕಿ ಮಾಡ್ತಿದ್ದರು. ಮತ್ತೆ ಸೀರೆ ಉಡಿಸಿ, ಬಳೆ ಹಾಕಿ, ಇನ್ನೊಂದು ಸಂಸಾರ ಕಟ್ಟಿ ಕೊಡ್ತಿದ್ದರು. ಹೊಲಕ್ಕೆ ಕೂಲಿಗೆ ಹೋಗೋರಿಗೆ ಬಿಳಿ ಸೀರೆ ಎಲ್ಲಿಂದ? ಅವರ ಭಯವನ್ನ ಸಿನಿಮಾ ನಮ್ಮ ಕೇರಿಗೆ ತಂದಿತು, ನಾವು ಅದನ್ನ ನಮ್ಮ ಮಕ್ಕಳಿಗೇ ಉಡಿಸಿದೆವು.

ಈಚೆಗೆ ಸಿನಿಮಾ ಬದಲಾಗ್ತಿಲ್ಲ ಅಂತ ಹೇಳಲ್ಲ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಕಡೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೀತಿದ್ದರಲ್ಲ, ಅದೇ ಎಳೆ ಹಿಡಿದು 2018ರಲ್ಲಿ ಹಿಂದಿಯಲ್ಲಿ ಸ್ತ್ರೀ ಅನ್ನೋ ಸಿನಿಮಾ ಬಂತು. ಅದರಲ್ಲಿ ರಾತ್ರಿ ಹೊರಗೆ ಹೋಗೋಕೆ ಹೆದರೋರು ಗಂಡಸರು. ಇಲ್ಲೂ ದೆವ್ವ ಆದವಳು ಕುಣಿಯೋಳೇ, ಮದುವೆ ರಾತ್ರಿ ಊರಿನವರೇ ಕೊಂದಿದ್ದರು. ಆದರೆ ಊರಿನವರು ಕೊನೆಗೆ ಆಕೆಯನ್ನ ಓಡಿಸಲ್ಲ, ಮರ್ಯಾದೆ ಕೊಡ್ತಾರೆ. 2020ರ ಬುಲ್‌ಬುಲ್ ನಿರ್ದೇಶನ ಮಾಡಿದ್ದು ಅನ್ವಿತಾ ದತ್. ಬಾಲ್ಯವಿವಾಹ ಆಗಿ ಜಮೀನ್ದಾರನ ಮನೆಗೆ ಬಂದ ಹುಡುಗಿ, ಊರಿನವರು ಚುಡೈಲ್ ಅಂತ ಹೆದರ್ತಾರೆ, ಆಕೆ ಹೋಗೋದು ಹೆಂಗಸರಿಗೆ ಹಿಂಸೆ ಕೊಟ್ಟವರ ಹಿಂದೆ. ನಮ್ಮ ಕನ್ನಡದ ಯೂ ಟರ್ನ್, 2016ರದ್ದು, ಅದರಲ್ಲಿ ಸತ್ತ ತಾಯಿ ತನ್ನ ಸಾವಿಗೆ ಕಾರಣ ಆದವರನ್ನ ಕೇಳ್ತಾಳೆ. ಒಳ್ಳೇದೇ. ಆದರೂ ನ್ಯಾಯ ಕೇಳೋಕೆ ಹೆಣ್ಣು ಮೊದಲು ಸಾಯಲೇಬೇಕು ಅನ್ನೋದು ಇನ್ನೂ ಹೋಗಿಲ್ಲ. ಬದುಕಿದಾಗಲೇ ಕೇಳಿದರೆ ಅದು ದೆವ್ವದ ಸಿನಿಮಾ ಆಗಲ್ಲ ಅಂತೀರೇನೋ. ಬ್ಯಾಡ ಬಿಡ್ರಿ, ಆಗದೇ ಇರಲಿ.

ಇನ್ನು ನಮ್ಮ ಚಳವಳಿಯ ಅಣ್ಣಂದಿರಿಗೆ ಒಂದು ಮಾತು. ಮಾನವ ಬಂಧುತ್ವ ವೇದಿಕೆಯವರು 2014ರಿಂದ ಡಿಸೆಂಬರ್ 6ಕ್ಕೆ ಬೆಳಗಾವಿಯ ಸದಾಶಿವನಗರ ಸ್ಮಶಾನದಲ್ಲೇ ಬಾಬಾಸಾಹೇಬರ ಪರಿನಿರ್ವಾಣ ದಿನ ಮಾಡ್ತಾರೆ, ಅಲ್ಲೇ ಊಟ ಮಾಡ್ತಾರೆ. ನನಗೆ ಹೆಮ್ಮೆ ಇದೆ. ದೆವ್ವ ಇಲ್ಲ ಅನ್ನೋದರಲ್ಲಿ ನನಗೂ ಅನುಮಾನ ಇಲ್ಲ. ಆದರೆ "ದೆವ್ವ ಇಲ್ಲ, ಇದೆಲ್ಲ ಮೂಢನಂಬಿಕೆ" ಅಂತ ಹೇಳಿ ಎದ್ದು ಬರೋದೂ ಒಂದು ತರದ ಷರಾನೇ. ಆ ಹಾಸ್ಟೆಲ್‌ನಲ್ಲಿ ನಾನು ಬರೀ ಅಷ್ಟು ಹೇಳಿ ಬಂದಿದ್ದರೆ ಏನಾಗ್ತಿತ್ತು? "ಹೌದ್ರೀ ಅಕ್ಕಾರ, ನಾಟಕ ಮಾಡ್ತಾಳ" ಅಂತ ಅಪ್ಪ ಇನ್ನೆರಡು ಬಿಗಿದು, ಮುಂದಿನ ವಾರ ತಾಳಿ ಕಟ್ಟಿಸ್ತಿದ್ದ. ಮಂತ್ರದವನೂ ಹುಡುಗಿ ಮಾತು ಕೇಳಲಿಲ್ಲ, ವಿಚಾರವಾದಿಯೂ ಕೇಳಲಿಲ್ಲ ಅಂದ್ರೆ ಅವಳಿಗೆ ಇಬ್ಬರೂ ಒಂದೇ. ದೆವ್ವ ಇಲ್ಲ ಅಂತ ಹೇಳೋಕೆ ಮೊದಲು, ದೆವ್ವ ಏನು ಹೇಳ್ತು ಅಂತ ಕೇಳ್ರಿ.

ನಾವು ಮಾಡಿದ್ದು ಇಷ್ಟು. ಮೊದಲು 1098ಕ್ಕೆ ಫೋನ್. ಹದಿನೆಂಟು ತುಂಬದ ಹುಡುಗಿ ಮದುವೆ 2006ರ ಕಾಯ್ದೆ ಪ್ರಕಾರ ಅಪರಾಧ ಅಂತ ಅಪ್ಪನಿಗೂ ಮಾವನಿಗೂ ತಿಳಿಸಿ ಹೇಳಿದೆವು. ಅಧಿಕಾರಿಗಳು ಬಂದು ಮುಚ್ಚಳಿಕೆ ಬರೆಸಿಕೊಂಡರು. ಮಂತ್ರದವನಿಗೆ 2017ರ ಅಮಾನವೀಯ ದುಷ್ಟ ಪದ್ಧತಿಗಳ ಕಾಯ್ದೆ ಹೇಳಿದೆವು. ಅದು 2020ರ ಜನವರಿಯಿಂದ ಜಾರಿಯಲ್ಲಿದೆ. ದೆವ್ವ ಬಿಡಿಸ್ತೀನಿ ಅಂತ ಕಟ್ಟಿಹಾಕಿ ಹೊಡೆದರೆ ಒಂದರಿಂದ ಏಳು ವರ್ಷ ಜೈಲು. ಅವನು ನಿಂಬೆಹಣ್ಣು ಅಲ್ಲೇ ಬಿಟ್ಟು ಹೋದ. ಹುಡುಗಿಯನ್ನ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೂ ತೋರಿಸಿದೆವು. ನಿದ್ದೆ ಮಾಡ್ತಿದಾಳೆ, ಓದ್ತಿದಾಳೆ. ಮದುವೆ ನಿಂತಿದೆ ಅಂತ ಹೇಳಲಾರೆ, ಮುಂದಕ್ಕೆ ಹೋಗಿದೆ ಅಷ್ಟೇ. ಹದಿನೆಂಟು ತುಂಬೋಕೆ ಇನ್ನು ಏಳು ತಿಂಗಳಿದೆ. ಅಷ್ಟರೊಳಗೆ ಅವಳು ಡಿಗ್ರಿಗೆ ಸೇರೋ ಹಂಗೆ ನೋಡಿಕೊಳ್ಳಬೇಕು. ಆ ಕಡೆಯವರು ಕೈಜೋಡಿಸೋರಿದ್ದರೆ ನನಗೆ ಫೋನ್ ಮಾಡ್ರಿ.

ಹೋದ ಭಾನುವಾರ ಗಬ್ಬೂರಿಗೆ ಹೋಗಿದ್ದೆ. ದೊಡ್ಡಪ್ಪ ಇಲ್ಲ. ದೊಡ್ಡಮ್ಮ ಇದಾಳೆ, ಎಂಬತ್ತರ ಹತ್ರ, ಕಣ್ಣು ಸರಿಯಾಗಿ ಕಾಣಲ್ಲ. ಕಟ್ಟೆ ಮೇಲೆ ಕೂತು ತೊಗರಿ ಹಸನು ಮಾಡ್ತಿದ್ದಳು. ಪಕ್ಕದಲ್ಲಿ ಕೂತು ಎಲ್ಲಾ ಹೇಳಿಬಿಟ್ಟೆ. ಕೊಡ ನೆಗ್ಗಿದ್ದು, ಸುಳ್ಳು ಹೇಳಿದ್ದು, ಬಿಳಿ ಸೀರೆ. ಹೇಳೋವಾಗ ಅವಳ ಮುಖ ನೋಡೋಕೆ ಆಗಲಿಲ್ಲ.

ಸ್ವಲ್ಪ ಹೊತ್ತು ಮೊರದಲ್ಲೇ ಕೈಯಾಡಿಸ್ತಿದ್ದಳು. ಆಮೇಲೆ ಅಂದಳು: "ನನಗ ಗೊತ್ತಿತ್ತವ್ವ. ಆಕಿ ಹಂತೇಕ ಬಿಳಿ ಸೀರಿ ಎಲ್ಲಿತ್ತು? ಇದ್ದಿದ್ದು ನಾಕು ಸೀರಿ. ಬಾವ್ಯಾಗಿಂದ ತೆಗದಾಗ ಮೈಮ್ಯಾಗ ಕೆಂಪು ಅಂಚಿನ ಹಸರು ಸೀರಿ ಇತ್ತು. ನಾನೇ ಉಡಿಸಿದ್ದು."

"ಮತ್ತ ಅವಾಗ ಯಾಕ ಹೇಳಲಿಲ್ಲ ದೊಡ್ಡವ್ವಾ?"

"ಯಾರ್ ಕೇಳಿದ್ರವ್ವಾ ನನಗ?"

ನನ್ನ ಹತ್ರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅವಳ ಜೊತೆ ಕೂತು ತೊಗರಿ ಹಸನು ಮಾಡಿ, ಕೊನೆಯ ಬಸ್ಸಿಗೆ ಬಂದೆ.

ಇದನ್ನ ಓದಿದವರು ನಿಮ್ಮ ನಿಮ್ಮ ಊರಿನ ಬಾವಿ ದೆವ್ವ, ಹುಣಸೇಮರದ ದೆವ್ವ ನೆನಪು ಮಾಡಿಕೊಳ್ರಿ. ಆಕೆಗೂ ಒಂದು ಹೆಸರಿತ್ತು, ಒಂದು ಸೀರೆ ಬಣ್ಣ ಇತ್ತು. ಹೆಂಗೆ ಸತ್ತಳು ಅಂತ ಮನೆಯ ಹಿರಿಯ ಹೆಂಗಸರನ್ನ ಕೇಳ್ರಿ. ಅವರಿಗೆ ಗೊತ್ತಿರುತ್ತೆ.

ಜೈ ಭೀಮ್.